ದಾದಿಯರಿಗೊಂದು ಶಾಲೆ ಕಟ್ಟಿದ ಫ್ಲಾರೆನ್ಸ್ ನೈಟಿಂಗೇಲ್

ಪಿಯುಸಿ ಫಲಿತಾಂಶ ಬಂದ ಮೇಲೆ ಗದಗ ಜಿಲ್ಲೆಯ ಅನೇಕ ಮನೆಗಳಲ್ಲಿ ಒಂದು ಫೈಲು ಸಿದ್ಧವಾಗುತ್ತದೆ. ಅದರೊಳಗೆ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಕಾರ್ಡಿನ ಝೆರಾಕ್ಸ್ ಪ್ರತಿ, ನಾಲ್ಕಾರು ಸಣ್ಣ ಫೋಟೊ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಬಸ್ಸು ಹತ್ತಿ ಗದಗಿಗೆ ಹೋಗುವ ಅಕ್ಕಂದಿರ ಕೈಯಲ್ಲಿ ಇಂಥ ಫೈಲನ್ನು ನೀವೂ ನೋಡಿರಬಹುದು. ನಿಮ್ಮ ಮನೆಯಲ್ಲೇ ಅಂಥ ಅಕ್ಕ ಇರಬಹುದು. ಅವರಲ್ಲಿ ಕೆಲವರಿಗೆ ನರ್ಸ್ ಆಗುವ ಆಸೆ. ವಿಜ್ಞಾನ ಓದಿದವರು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ, ಬೇರೆ ವಿಷಯ ಓದಿದವರೂ ಮೂರು ವರ್ಷದ ಜಿ.ಎನ್.ಎಂ. ಎಂಬ ಕೋರ್ಸಿಗೆ ಅರ್ಜಿ ಹಾಕುತ್ತಾರೆ. ಒಳ್ಳೆಯ ಕಾಲೇಜಿನಲ್ಲಿ ಸೀಟು ಕಡಿಮೆ, ಕೇಳುವವರು ಹೆಚ್ಚು. ಪಟ್ಟಿಯಲ್ಲಿ ಹೆಸರು ಬರುವವರೆಗೆ ಮನೆಮಂದಿಗೆಲ್ಲ ಕಾತರ.

ಸೀಟು ಸಿಕ್ಕರೆ ಮತ್ತೊಂದು ಬಗೆಯ ಸಿದ್ಧತೆ. ಸಮವಸ್ತ್ರ ಹೊಲಿಸಬೇಕು. ಉಗುರು ಕತ್ತರಿಸಿಕೊಳ್ಳಬೇಕು. ಸೆಕೆಂಡು ತೋರಿಸುವ ಕೈಗಡಿಯಾರ ಬೇಕು, ಏಕೆಂದರೆ ರೋಗಿಯ ನಾಡಿಬಡಿತವನ್ನು ಗಡಿಯಾರ ನೋಡಿಯೇ ಎಣಿಸಬೇಕು.

ಈಗ ಸುಮಾರು 180 ವರ್ಷ ಹಿಂದಕ್ಕೆ ಹೋಗೋಣ. ಇಂಗ್ಲೆಂಡಿನ ಒಬ್ಬ ಹುಡುಗಿಗೂ ಇದೇ ಆಸೆ ಇತ್ತು. ಆಕೆಗೆ ಹಣದ ಕೊರತೆ ಇರಲಿಲ್ಲ, ಓದಿನಲ್ಲಿ ಹಿಂದೆ ಬಿದ್ದವಳೂ ಅಲ್ಲ. ಆದರೆ ಅರ್ಜಿ ಹಾಕೋಣವೆಂದರೆ ಆಕೆಯ ದೇಶದಲ್ಲಿ ತಕ್ಕ ಶಾಲೆಯೇ ಇರಲಿಲ್ಲ. ಆಕೆಯೇ ಫ್ಲಾರೆನ್ಸ್ ನೈಟಿಂಗೇಲ್. ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ನಡೆಯುವ ಆಕೆಯ ಚಿತ್ರವನ್ನು ನೀವು ಪಠ್ಯಪುಸ್ತಕಗಳಲ್ಲಿ ಕಂಡಿರುತ್ತೀರಿ. ಆ ದೀಪ ಆಕೆಯ ಕೈಗೆ ಬರುವ ಮೊದಲು ಏನಾಯಿತು, ಅದನ್ನು ಕೆಳಗಿಟ್ಟ ಮೇಲೆ ಏನಾಯಿತು ಎಂಬುದನ್ನು ಹೇಳುವವರು ಕಡಿಮೆ. ನಮಗೆ ಇಲ್ಲಿ ಬೇಕಾಗಿರುವುದು ಅದೇ.

ಲೆಕ್ಕ ಇಷ್ಟಪಡುತ್ತಿದ್ದ ಹುಡುಗಿ

ಫ್ಲಾರೆನ್ಸ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆ ತಾಯಿ ಇಂಗ್ಲೆಂಡಿನ ಶ್ರೀಮಂತರು. ಅವರು ಪ್ರವಾಸದಲ್ಲಿದ್ದಾಗ ಹುಟ್ಟಿದ ಮಗಳಿಗೆ ಊರಿನ ಹೆಸರನ್ನೇ ಇಟ್ಟರು. ಒಂದು ವರ್ಷ ಮೊದಲು ನೇಪಲ್ಸ್ ನಗರದಲ್ಲಿ ಹುಟ್ಟಿದ ಅಕ್ಕನಿಗೆ ಆ ಊರಿನ ಹಳೆಯ ಗ್ರೀಕ್ ಹೆಸರಾದ ಪಾರ್ಥೆನೋಪೆ ಎಂದು ಇಟ್ಟಿದ್ದರು. ನಮ್ಮಲ್ಲಿ ಊರಿನ ಹೆಸರು ಅಡ್ಡಹೆಸರಾಗುವುದುಂಟು. ಅವರಿಗೆ ಅದೇ ಹೆಸರಾಯಿತು.

ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಆದರೆ ತಂದೆ ವಿಲಿಯಂ ನೈಟಿಂಗೇಲ್ ಇಬ್ಬರು ಮಕ್ಕಳಿಗೂ ಮನೆಯಲ್ಲೇ ಪಾಠ ಹೇಳಿದರು. ಗ್ರೀಕ್, ಲ್ಯಾಟಿನ್, ಜರ್ಮನ್, ಫ್ರೆಂಚ್, ಇಟಾಲಿಯನ್, ಇತಿಹಾಸ ಎಲ್ಲವನ್ನೂ ಫ್ಲಾರೆನ್ಸ್ ಕಲಿತಳು. ಚಿಕ್ಕಂದಿನಿಂದಲೇ ಆಕೆಗೆ ಪಟ್ಟಿ ಮಾಡುವ ಹುಚ್ಚು. ಕೂಡಿಟ್ಟ ಚಿಪ್ಪುಗಳನ್ನು ಕೂಡ ಪಟ್ಟಿ ಮಾಡಿ ಬರೆದಿಡುತ್ತಿದ್ದಳು. ದೊಡ್ಡವಳಾದ ಮೇಲೆ ಗಣಿತ ಕಲಿಯಬೇಕೆಂದು ಹಟ ಹಿಡಿದಳು. ಹೆಣ್ಣುಮಗಳಿಗೆ ಗಣಿತವೇಕೆ ಎಂದು ಮನೆಯಲ್ಲಿ ಚರ್ಚೆಯಾಯಿತು. ಕೊನೆಗೆ ಒಬ್ಬ ಶಿಕ್ಷಕರು ಬಂದರು. ಈ ಗಣಿತ ಮುಂದೆ ಎಲ್ಲಿ ಕೆಲಸಕ್ಕೆ ಬಂತು ಎಂಬುದನ್ನು ಸ್ವಲ್ಪ ಹೊತ್ತಿನಲ್ಲಿ ನೋಡೋಣ.

ಊರಿನಲ್ಲಿ ಯಾರಿಗಾದರೂ ಕಾಯಿಲೆಯಾದರೆ ಫ್ಲಾರೆನ್ಸ್ ಅಲ್ಲಿಗೆ ಹೋಗಿ ಆರೈಕೆ ಮಾಡುತ್ತಿದ್ದಳು. ಹೀಗೆ ಹೋದಾಗಲೇ ಆಕೆಗೆ ಒಂದು ವಿಷಯ ಹೊಳೆಯಿತು. ಕನಿಕರವೊಂದಿದ್ದರೆ ಸಾಲದು. ಗಾಯವನ್ನು ಹೇಗೆ ತೊಳೆಯಬೇಕು, ಏಳಲಾರದ ರೋಗಿಯ ಹಾಸಿಗೆಯನ್ನು ಹೇಗೆ ಬದಲಿಸಬೇಕು, ಯಾವ ಲಕ್ಷಣ ಕಂಡರೆ ವೈದ್ಯರಿಗೆ ಕೂಡಲೇ ಹೇಳಬೇಕು, ಇದೆಲ್ಲ ತಿಳಿದಿರಬೇಕು. ತಿಳಿಯಬೇಕಾದರೆ ಕಲಿಯಬೇಕು. ಆದರೆ ಕಲಿಸುವವರು ಯಾರು?

ಬೇಡ ಎಂದ ಮನೆ

1845ರಲ್ಲಿ ಫ್ಲಾರೆನ್ಸ್‌ಗೆ 25 ವರ್ಷ. ಮನೆಗೆ ಹತ್ತಿರದ ಸಾಲ್ಸ್‌ಬರಿ ಎಂಬ ಊರಿನಲ್ಲಿ ಒಂದು ಆಸ್ಪತ್ರೆ ಇತ್ತು. ಅಲ್ಲಿಯ ವೈದ್ಯರಾದ ಫೌಲರ್ ಮನೆಯವರಿಗೆ ಪರಿಚಿತರು. ಆ ಆಸ್ಪತ್ರೆಯಲ್ಲಿ ಮೂರು ತಿಂಗಳು ಇದ್ದು ಕೆಲಸ ಕಲಿಯುವುದು ಆಕೆಯ ಯೋಜನೆ. ಅದನ್ನು ಮನೆಯಲ್ಲಿ ಹೇಳಿದ್ದೇ ತಡ, ದೊಡ್ಡ ಗಲಾಟೆಯಾಯಿತು. ತಾಯಿ ಹೆದರಿದರು, ಅಕ್ಕ ಅತ್ತಳು, ತಂದೆಗೆ ಬೇಸರವಾಯಿತು. ಯೋಜನೆ ಅಲ್ಲಿಗೇ ನಿಂತಿತು.

ಮನೆಯವರನ್ನು ಬರೀ ಕೆಟ್ಟವರೆಂದು ತಿಳಿಯಬಾರದು. ಅವರ ಭಯಕ್ಕೆ ಕಾರಣವಿತ್ತು. ಆಗಿನ ಆಸ್ಪತ್ರೆಗಳು ಕಿಕ್ಕಿರಿದಿದ್ದವು, ಗಬ್ಬು ನಾರುತ್ತಿದ್ದವು. ಅನುಕೂಲಸ್ಥರು ಕಾಯಿಲೆ ಬಿದ್ದರೆ ಮನೆಯಲ್ಲೇ ಔಷಧ ಮಾಡಿಸಿಕೊಳ್ಳುತ್ತಿದ್ದರು. ಆಸ್ಪತ್ರೆಗೆ ಹೋಗುತ್ತಿದ್ದವರು ಬಡವರು. ದಾದಿ ಕೆಲಸವೆಂದರೆ ನೆಲ ಒರೆಸುವ, ಪಾತ್ರೆ ತಿಕ್ಕುವ ಕೆಲಸ ಎಂದೇ ಜನ ತಿಳಿದಿದ್ದರು. ಸಂಬಳ ಅತಿ ಕಡಿಮೆ, ದುಡಿಮೆ ವಿಪರೀತ. ದಾದಿಯರು ಕುಡಿಯುತ್ತಾರೆ ಎಂಬ ಕೆಟ್ಟ ಹೆಸರು ಬೇರೆ. ಯಾರೂ ಅವರಿಗೆ ಏನನ್ನೂ ಕಲಿಸಿರಲಿಲ್ಲ, ಆದರೆ ಎಲ್ಲರೂ ಅವರನ್ನು ಬೈಯುತ್ತಿದ್ದರು.

ಮುಂದಿನ ಆರು ವರ್ಷ ಫ್ಲಾರೆನ್ಸ್ ಕಾದಳು. ಸುಮ್ಮನೆ ಕುಳಿತು ಕಾಯಲಿಲ್ಲ. ಮನೆಯವರು ಏಳುವ ಮೊದಲೇ ಎದ್ದು, ದೀಪದ ಬೆಳಕಿನಲ್ಲಿ ಆಸ್ಪತ್ರೆಗಳ ವರದಿ, ಸರಕಾರದ ಆರೋಗ್ಯ ವರದಿಗಳನ್ನು ಓದುತ್ತಿದ್ದಳು. ಅಂಕಿಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ತಿಂಡಿಯ ಹೊತ್ತಿಗೆ ಪುಸ್ತಕ ಮುಚ್ಚಿಟ್ಟು ಏನೂ ಆಗದವಳಂತೆ ಕೆಳಗಿಳಿದು ಬರುತ್ತಿದ್ದಳು. ದೀಪದ ಕತೆ ಹೇಳುವುದೇ ಆದರೆ ಈ ದೀಪದಿಂದ ಆರಂಭಿಸಬೇಕು ಎಂದು ನನಗೆ ಅನಿಸುತ್ತದೆ.

ಈ ನಡುವೆ ಮದುವೆಯ ಮಾತು ಬಂತು. ವರ ಒಳ್ಳೆಯವನು, ವಿದ್ಯಾವಂತ, ಆಕೆಗೂ ಇಷ್ಟವಾದವನು. ಮದುವೆಯಾದರೆ ಮನೆವಾರ್ತೆ, ಔತಣಕೂಟಗಳಲ್ಲೇ ಬದುಕು ಮುಗಿಯುತ್ತದೆ ಎಂದು ಬಹಳ ಯೋಚಿಸಿ 1849ರಲ್ಲಿ ಆಕೆ ಬೇಡವೆಂದಳು. ತಾಯಿಗೆ ಬಂದ ಸಿಟ್ಟು ಬೇಗ ಇಳಿಯಲಿಲ್ಲ.

ರೈನ್ ನದಿಯ ದಂಡೆಯಲ್ಲಿ

ಮುಂಡರಗಿ ತಾಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುವಂತೆ ಜರ್ಮನಿಯಲ್ಲಿ ರೈನ್ ಎಂಬ ದೊಡ್ಡ ನದಿ ಇದೆ. ಅದರ ದಂಡೆಯ ಕೈಸರ್ಸ್‌ವರ್ತ್ ಎಂಬ ಊರಿನಲ್ಲಿ ಥಿಯೋಡರ್ ಫ್ಲೀಡ್ನರ್ ಎಂಬ ಪಾದ್ರಿ 1836ರಲ್ಲಿ ಒಂದು ಸಂಸ್ಥೆ ತೆರೆದಿದ್ದರು. ಅಲ್ಲಿ ಆಸ್ಪತ್ರೆ, ಅನಾಥಾಲಯ, ಚಿಕ್ಕ ಮಕ್ಕಳ ಶಾಲೆ ಇದ್ದವು. ರೋಗಿಗಳ ಸೇವೆ ಮಾಡಲು ಮಹಿಳೆಯರಿಗೆ ತರಬೇತಿ ಕೊಡುತ್ತಿದ್ದರು. ಪರಿಚಿತರೊಬ್ಬರು ಕಳುಹಿಸಿದ ವರದಿ ಓದಿ ಫ್ಲಾರೆನ್ಸ್‌ಗೆ ಈ ಸಂಸ್ಥೆಯ ವಿಷಯ ತಿಳಿದಿತ್ತು. 1850ರಲ್ಲಿ ಪ್ರವಾಸದಿಂದ ಮರಳುವಾಗ ಎರಡು ವಾರ ಅಲ್ಲಿದ್ದು ನೋಡಿಬಂದಳು. ಮರುವರ್ಷ ಕಲಿಯಲೆಂದೇ ಹೋದಳು.

ಗದಗ-ಬೆಟಗೇರಿಯ ಮಕ್ಕಳಿಗೆ ಇಲ್ಲೊಂದು ಸ್ವಾರಸ್ಯ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ಕಟ್ಟಿದ ದವಾಖಾನೆಯನ್ನು ಜನ ಜರ್ಮನ್ ದವಾಖಾನೆ ಎಂದು ಕರೆಯುತ್ತಾರಲ್ಲವೇ? ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡ್ ದೇಶದ ಊರು. ಮಿಷನ್ನಿನ ಕೆಲಸಕ್ಕೆಂದು ಅಲ್ಲಿಂದ ನಮ್ಮ ಕಡೆಗೆ ಬಂದವರಲ್ಲಿ ಜರ್ಮನರು ಬಹಳ. ಆ ಬಾಸೆಲ್ ಊರು ಕೂಡ ಇದೇ ರೈನ್ ನದಿಯ ದಂಡೆಯಲ್ಲಿದೆ. ಬಾಸೆಲ್ ದಾಟಿದ ನೀರು ಉತ್ತರಕ್ಕೆ ಹರಿದು ಕೈಸರ್ಸ್‌ವರ್ತ್ ಮುಟ್ಟುತ್ತದೆ.

ಅಲ್ಲಿ ಸೇರುವವರು ತಮ್ಮ ಜೀವನದ ವಿವರವನ್ನು ಬರೆದುಕೊಡಬೇಕಿತ್ತು. 1851ರ ಜುಲೈ ತಿಂಗಳಲ್ಲಿ, 31ನೆಯ ವಯಸ್ಸಿನಲ್ಲಿ, ಫ್ಲಾರೆನ್ಸ್ ಕೂಡ ಬರೆದುಕೊಟ್ಟಳು. ಆಕೆಯ ಅರ್ಜಿ ಎಂದರೆ ಅದೇ. ತಾಯಿ ಮತ್ತು ಅಕ್ಕ ಆಗ ಬೇರೊಂದು ಊರಿನಲ್ಲಿ ನೀರಿನ ಚಿಕಿತ್ಸೆಗೆಂದು ತಂಗಿದ್ದರು. ಫ್ಲಾರೆನ್ಸ್ ಎಲ್ಲಿದ್ದಾಳೆಂದು ಯಾರಿಗೂ ಹೇಳಬಾರದು ಎಂಬುದು ಅವರ ಷರತ್ತು.

ಕೈಸರ್ಸ್‌ವರ್ತ್‌ನಲ್ಲಿ ಬೆಳಿಗ್ಗೆ ಐದಕ್ಕೆ ಏಳಬೇಕು. ಊಟಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಊಟವಾದರೂ ಏನು? ಗಂಜಿ, ಸಾರು, ರೊಟ್ಟಿ. ಮನೆಯಲ್ಲಿ ಆಳುಕಾಳುಗಳ ನಡುವೆ ಬೆಳೆದವಳು ಇಲ್ಲಿ ಮಕ್ಕಳನ್ನು ನೋಡಿಕೊಂಡಳು, ರೋಗಿಗಳ ಗಾಯ ಕಟ್ಟಿದಳು, ಔಷಧ ತಯಾರಿಸುವುದನ್ನು ನೋಡಿದಳು. ಒಬ್ಬ ರೋಗಿಯ ಅಂಗವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯ ವೇಳೆ ಪಕ್ಕದಲ್ಲೇ ನಿಂತಿದ್ದಳು. ಅಕ್ಟೋಬರ್‌ನಲ್ಲಿ ಹೊರಡುವಾಗ ಆಕೆ ತುಂಬ ಸಂತೋಷದಿಂದಿದ್ದಳು.

ಆದರೂ ಫ್ಲಾರೆನ್ಸ್ ಮುಲಾಜಿನವಳಲ್ಲ. ಅಲ್ಲಿ ಸೇವಾಭಾವ ಬಹಳ ಎತ್ತರದ್ದು, ಆದರೆ ಶುಶ್ರೂಷೆಯ ಪಾಠ ಸಾಲದು, ಸ್ವಚ್ಛತೆಯೂ ಸಾಲದು ಎಂದು ಆಮೇಲೆ ನೇರವಾಗಿ ಹೇಳಿದಳು. ಕಲಿಯಲು ಹೋದ ಜಾಗದಲ್ಲಿ ಏನು ಕಲಿಸಲಿಲ್ಲ ಎಂಬುದನ್ನೂ ಆಕೆ ಗುರುತು ಹಾಕಿಕೊಂಡಿದ್ದಳು.

1853ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಲ್ಲಿನ ಸನ್ಯಾಸಿನಿಯರ ಬಳಿ ಕಲಿಯಲು ಸೇರಿದಳು. ಸೇರಿದ ಸ್ವಲ್ಪ ದಿನಕ್ಕೇ ದಡಾರ ಬಂದು ತಾನೇ ಮಲಗಬೇಕಾಯಿತು! ಅದೇ ವರ್ಷ ಆಗಸ್ಟ್‌ನಲ್ಲಿ ಲಂಡನ್ನಿನ ಹಾರ್ಲಿ ಬೀದಿಯ ಒಂದು ಚಿಕ್ಕ ಆಸ್ಪತ್ರೆಗೆ ಮೇಲ್ವಿಚಾರಕಿಯಾದಳು. ತಂದೆ ಕೊನೆಗೂ ಮಣಿದು ವರ್ಷಕ್ಕೆ 500 ಪೌಂಡ್ ಕೊಡಲು ಒಪ್ಪಿದರು. ಈ ಆಸ್ಪತ್ರೆಯಲ್ಲಿ ಆಕೆ ಮಾಡಿಸಿದ ಏರ್ಪಾಡುಗಳನ್ನು ಕೇಳಿ. ಬಿಸಿನೀರು ಕೊಳವೆಯಲ್ಲಿ ಪ್ರತಿ ಮಹಡಿಗೂ ಬರಬೇಕು. ಊಟವನ್ನು ಮೇಲಕ್ಕೆ ಸಾಗಿಸಲು ಹಗ್ಗದಿಂದ ಎಳೆಯುವ ಪೆಟ್ಟಿಗೆ ಇರಬೇಕು. ರೋಗಿ ಗಂಟೆ ಬಾರಿಸಿದರೆ ಯಾರು ಬಾರಿಸಿದರು ಎಂಬುದು ದಾದಿಗೆ ಕಾಣುವಂತಿರಬೇಕು. ದಾದಿಯ ಕಾಲು ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಸವೆದರೆ ರೋಗಿಯನ್ನು ನೋಡುವುದು ಯಾವಾಗ?

ಯುದ್ಧದ ಆಸ್ಪತ್ರೆ

1854ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ತುರ್ಕಿ ಸೇರಿ ರಷ್ಯಾದ ಮೇಲೆ ಯುದ್ಧ ಮಾಡುತ್ತಿದ್ದವು. ಇದೇ ಕ್ರಿಮಿಯಾ ಯುದ್ಧ. ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ತುರ್ಕಿಯ ಸ್ಕುಟಾರಿ ಎಂಬಲ್ಲಿಗೆ ತರುತ್ತಿದ್ದರು. ಅಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಪತ್ರಿಕೆಗಳು ಬರೆದವು. ಯುದ್ಧ ಇಲಾಖೆಯ ಸಚಿವ ಸಿಡ್ನಿ ಹರ್ಬರ್ಟ್ ಫ್ಲಾರೆನ್ಸ್‌ಳ ಗೆಳೆಯರು. ದಾದಿಯರ ತಂಡ ಕಟ್ಟಿಕೊಂಡು ಹೋಗುವಂತೆ ಅವರು ಕೇಳಿಕೊಂಡರು.

ದಾದಿಯರನ್ನು ಆರಿಸಲು ಹರ್ಬರ್ಟರ ಮನೆಯಲ್ಲೇ ಸಂದರ್ಶನ ನಡೆಯಿತು. ಬಂದವರಲ್ಲಿ ಯೋಗ್ಯರು ಸಿಕ್ಕಿದ್ದು ಬಹಳ ಕಡಿಮೆ. ಅಂತೂ 14 ಮಂದಿ ಆಸ್ಪತ್ರೆಯ ದಾದಿಯರು, ಧಾರ್ಮಿಕ ಸಂಸ್ಥೆಗಳ 24 ಮಂದಿ, ಒಟ್ಟು 38 ಜನ ಸಿದ್ಧರಾದರು. ಆಗ ಮೇರಿ ಸೀಕೋಲ್ ಎಂಬವರೂ ಈ ಕೆಲಸಕ್ಕೆ ಸೇರಲು ಲಂಡನ್ನಿನಲ್ಲಿ ಕಚೇರಿಯಿಂದ ಕಚೇರಿಗೆ ಅಲೆದರು. ಜಮೈಕಾ ದ್ವೀಪದ ಅವರಿಗೆ ಕಾಲರಾ ರೋಗಿಗಳನ್ನು ನೋಡಿಕೊಂಡ ಅನುಭವವಿತ್ತು. ಎಲ್ಲ ಕಡೆಯೂ ಇಲ್ಲ ಎಂದರು. ತನ್ನ ಮೈಬಣ್ಣ ಕಪ್ಪೆಂದು ಹೀಗೆ ಮಾಡಿದರೇ ಎಂಬ ನೋವು ಸೀಕೋಲ್ ಅವರನ್ನು ಕಾಡಿತು. ಅವರು ತಮ್ಮದೇ ಖರ್ಚಿನಲ್ಲಿ ಕ್ರಿಮಿಯಾಕ್ಕೆ ಹೋಗಿ ಸೈನಿಕರ ಆರೈಕೆ ಮಾಡಿದರು. ಆಯ್ಕೆ ಮಾಡುವವರು ತಪ್ಪು ಮಾಡುವುದೂ ಉಂಟು.

1854ರ ನವೆಂಬರ್ 4ರಂದು ಫ್ಲಾರೆನ್ಸ್‌ಳ ತಂಡ ಸ್ಕುಟಾರಿ ತಲುಪಿತು. ಅಲ್ಲಿಯ ವೈದ್ಯರಿಗೆ ಇವರು ಬಂದದ್ದು ಇಷ್ಟವಿರಲಿಲ್ಲ. ಕರೆಯದೆ ವಾರ್ಡಿಗೆ ಹೋಗಬಾರದು ಎಂದು ಫ್ಲಾರೆನ್ಸ್ ತನ್ನವರಿಗೆ ಕಟ್ಟಪ್ಪಣೆ ಮಾಡಿದಳು. ಕಾಯುತ್ತ ಕುಳಿತವರು ಬಟ್ಟೆ ಹೊಲಿದರು, ಚೀಲಗಳಿಗೆ ಹುಲ್ಲು ತುಂಬಿ ಹಾಸಿಗೆ ಮಾಡಿದರು. ಕೆಲವೇ ದಿನಗಳಲ್ಲಿ ಗಾಯಾಳುಗಳ ಮಹಾಪೂರ ಬಂತು. ವೈದ್ಯರು ತಾವಾಗಿಯೇ ಇವರನ್ನು ಕರೆದರು.

ಫ್ಲಾರೆನ್ಸ್ ಅಡುಗೆಮನೆ ಸರಿಪಡಿಸಿದಳು, ಬಟ್ಟೆ ಕುದಿಸಿ ಒಗೆಯುವ ಏರ್ಪಾಡು ಮಾಡಿದಳು, ಅಂಗಿ, ಬಟ್ಟಲು, ಸಾಬೂನು ತರಿಸಿದಳು. ರಾತ್ರಿ ತುರ್ಕಿಯ ಮಡಚುವ ಕಾಗದದ ಲಾಟೀನು ಹಿಡಿದು ವಾರ್ಡುಗಳನ್ನು ಸುತ್ತಿದಳು. ಇಷ್ಟೆಲ್ಲ ಮಾಡಿದರೂ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ. 1855ರ ಫೆಬ್ರವರಿಯಲ್ಲಿ ನೂರು ರೋಗಿಗಳಲ್ಲಿ ಸುಮಾರು 42 ಮಂದಿ ಸಾಯುತ್ತಿದ್ದರು. ಏಕೆ? ಕಟ್ಟಡದ ಕೆಳಗೆ ಕಟ್ಟಿಕೊಂಡ ಚರಂಡಿಗಳಿದ್ದವು. ಕುಡಿಯುವ ನೀರು ಕೊಳಕಾಗಿತ್ತು. ಗುಂಡೇಟಿಗಿಂತ ಆಮಶಂಕೆ, ಕಾಲರಾ, ವಿಷಮಜ್ವರಗಳಿಂದ ಸತ್ತವರೇ ಹೆಚ್ಚು.

ಮಾರ್ಚ್‌ನಲ್ಲಿ ಬ್ರಿಟಿಷ್ ಸರಕಾರ ಕಳುಹಿಸಿದ ನೈರ್ಮಲ್ಯ ತಜ್ಞರ ತಂಡ ಬಂತು. ಮೊದಲ ಎರಡು ವಾರಗಳಲ್ಲೇ 556 ಕೈಗಾಡಿ ಮತ್ತು ಬುಟ್ಟಿಗಳಷ್ಟು ಕಸ ಹೊರಗೆ ಹಾಕಿಸಿದರು. ಸತ್ತ ಪ್ರಾಣಿಗಳನ್ನು ಹೂಳಿಸಿದರು. ಚರಂಡಿ ತೊಳೆಸಿದರು, ಗೋಡೆಗೆ ಸುಣ್ಣ ಬಳಿಸಿದರು, ಗಾಳಿ ಆಡಲು ದಾರಿ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಸುಮಾರು ಎರಡಕ್ಕೆ ಇಳಿಯಿತು!

ಲೆಕ್ಕ ಹೇಳಿದ ಸತ್ಯ

1856ರಲ್ಲಿ ಊರಿಗೆ ಮರಳಿದಾಗ ಫ್ಲಾರೆನ್ಸ್ ಮನೆಮಾತಾಗಿದ್ದಳು. ಆದರೆ ಆಕೆಗೆ ಸಮಾಧಾನವಿರಲಿಲ್ಲ. ತನ್ನ ಕಣ್ಣೆದುರೇ ಅಷ್ಟು ಜನ ಸತ್ತದ್ದು ಏಕೆ ಎಂದು ಕೇಳಿಕೊಂಡಳು. ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರ ಜೊತೆ ಕುಳಿತು ತಿಂಗಳು ತಿಂಗಳಿನ ಸಾವಿನ ಲೆಕ್ಕ ತೆಗೆದಳು. ಹೆಚ್ಚಿನ ಸಾವುಗಳನ್ನು ತಡೆಯಬಹುದಾಗಿತ್ತು ಎಂಬುದು ಲೆಕ್ಕದಲ್ಲಿ ಸ್ಪಷ್ಟವಾಯಿತು.

ಮಂತ್ರಿಗಳಿಗೆ ಉದ್ದುದ್ದ ಅಂಕಿ ಓದಲು ಪುರಸೊತ್ತು ಎಲ್ಲಿಯದು? ಅದಕ್ಕೆ ಆಕೆ ಒಂದು ಉಪಾಯ ಮಾಡಿದಳು. ವೃತ್ತವನ್ನು 12 ಸಮ ಭಾಗ ಮಾಡಿದಳು. ವರ್ಷಕ್ಕೆ 12 ತಿಂಗಳು, ಆದ್ದರಿಂದ ತಿಂಗಳಿಗೆ 30 ಡಿಗ್ರಿ ಕೋನ. ಸಾವು ಹೆಚ್ಚಾದ ತಿಂಗಳ ತುಂಡು ಹೊರಕ್ಕೆ ಹೆಚ್ಚು ಚಾಚಿಕೊಳ್ಳುತ್ತದೆ. ತಡೆಯಬಹುದಾದ ರೋಗದ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು, ಉಳಿದದ್ದಕ್ಕೆ ಕಪ್ಪು. ನೋಡಿದರೆ ಎಲ್ಲೆಲ್ಲೂ ನೀಲಿ! ಇಲ್ಲಿ ಒಂದು ಎಚ್ಚರವಿದೆ. ಲೆಕ್ಕಕ್ಕೆ ಬರುವುದು ತುಂಡಿನ ವಿಸ್ತೀರ್ಣ, ಉದ್ದವಲ್ಲ. ಸಾವು ನಾಲ್ಕು ಪಟ್ಟಾದರೆ ತ್ರಿಜ್ಯ ಎರಡು ಪಟ್ಟು ಮಾತ್ರ ಆಗಬೇಕು. ನಿಮ್ಮ ತರಗತಿಯ ಹಾಜರಿ ಪುಸ್ತಕದಿಂದ ಯಾವ ತಿಂಗಳು ಎಷ್ಟು ಮಕ್ಕಳು ಜ್ವರದಿಂದ ಗೈರಾದರು ಎಂದು ಎಣಿಸಿ, ಇಂಥ ಚಿತ್ರವನ್ನು ನೀವೂ ಬರೆದು ನೋಡಬಹುದು. ಮಳೆಗಾಲದ ತುಂಡು ಎಷ್ಟು ದೊಡ್ಡದಾಗುತ್ತದೆ?

ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ 1858ರಲ್ಲಿ ಫ್ಲಾರೆನ್ಸ್‌ಳನ್ನು ಸದಸ್ಯೆಯಾಗಿ ಆರಿಸಿತು. ಆ ಸಂಘಕ್ಕೆ ಆಕೆಯೇ ಮೊದಲ ಮಹಿಳಾ ಸದಸ್ಯೆ.

ಶಾಲೆ ತೆರೆಯಿತು

ಯುದ್ಧ ನಡೆಯುತ್ತಿದ್ದಾಗಲೇ ಜನ ಫ್ಲಾರೆನ್ಸ್‌ಳ ಗೌರವಾರ್ಥ ಹಣ ಕೂಡಿಸಿದ್ದರು. 44,000 ಪೌಂಡಿಗೂ ಹೆಚ್ಚು ಸೇರಿತ್ತು. ಆ ಹಣದಿಂದ ದಾದಿಯರ ಶಾಲೆ ತೆರೆಯುವುದೆಂದು ತೀರ್ಮಾನವಾಯಿತು. ಜಾಗ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆ. ಅಲ್ಲಿಯ ಮೆಟ್ರನ್ ಸಾರಾ ವಾರ್ಡ್ರೋಪರ್ ಶಿಸ್ತಿನ ಹೆಂಗಸು. ವಿರೋಧವೂ ಅದೇ ಆಸ್ಪತ್ರೆಯಿಂದಲೇ ಬಂತು. ಹಿರಿಯ ಶಸ್ತ್ರವೈದ್ಯರಾದ ಜಾನ್ ಸೌತ್ ಅವರು ದಾದಿಯರಿಗೆ ಮನೆಗೆಲಸದವರಿಗಿಂತ ಹೆಚ್ಚಿನ ಪಾಠ ಬೇಕಿಲ್ಲ ಎಂಬ ಅಭಿಪ್ರಾಯದವರು.

1860ರ ಮೇ ತಿಂಗಳಲ್ಲಿ ಅರ್ಜಿ ಕರೆದರು. ವಯಸ್ಸು 25ರಿಂದ 35ರ ಒಳಗಿರಬೇಕು. ಒಳ್ಳೆಯ ನಡತೆಯ ಬಗ್ಗೆ ಪ್ರಮಾಣಪತ್ರ ತರಬೇಕು. ಆಯ್ಕೆಯಾದರೆ ಒಂದು ವರ್ಷದ ತರಬೇತಿ. ಊಟ, ವಸತಿ, ಸಮವಸ್ತ್ರ ಉಚಿತ, ಖರ್ಚಿಗೆ ವರ್ಷಕ್ಕೆ 10 ಪೌಂಡ್. ಮಲಗಲು ಪ್ರತಿಯೊಬ್ಬರಿಗೂ ಬೇರೆ ಕೋಣೆ. ಬಡ ಮನೆಯ ಹೆಣ್ಣುಮಗಳೂ ಬಂದು ಕಲಿಯಬಹುದಾಗಿತ್ತು. ಯಾವುದೇ ಧಾರ್ಮಿಕ ಪಂಥಕ್ಕೆ ಸೇರಬೇಕೆಂಬ ಕಟ್ಟಳೆ ಇರಲಿಲ್ಲ. ಇದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಅರ್ಜಿಗಳು ರಾಶಿ ರಾಶಿಯಾಗಿ ಬಂದವು ಎಂದುಕೊಂಡಿರಾ? ಇಲ್ಲ. ಮೊದಲಿಗೆ ತಕ್ಕ ಅಭ್ಯರ್ಥಿಗಳೇ ಸಿಗಲಿಲ್ಲ. ಹುಡುಕಿ, ಅಳೆದು, ತೂಗಿ 15 ಮಂದಿಯನ್ನು ಆರಿಸಿದರು. 1860ರ ಜೂನ್ 24ರಂದು ಅವರ ಕಲಿಕೆ ಆರಂಭವಾಯಿತು. ಕಂದು ಬಣ್ಣದ ಉಡುಪು, ಬಿಳಿ ಏಪ್ರನ್, ಬಿಳಿ ಟೋಪಿ ಅವರ ಸಮವಸ್ತ್ರ. ಒಬ್ಬೊಬ್ಬರೇ ಹೊರಗೆ ಹೋಗುವಂತಿಲ್ಲ, ಇಬ್ಬರು ಜೊತೆಯಾಗಿಯೇ ಹೋಗಬೇಕು. ಜನ ಬೆರಳು ತೋರಿಸಿದರೆ ಶಾಲೆಯೇ ಮುಚ್ಚಿಹೋಗುತ್ತದೆ ಎಂಬ ಭಯ!

ಅವರ ಪ್ರಗತಿ ಪತ್ರ ನಿಮ್ಮದಕ್ಕಿಂತ ಉದ್ದವಾಗಿತ್ತು. ಸಮಯಪಾಲನೆ, ಸದ್ದಿಲ್ಲದೆ ಕೆಲಸ ಮಾಡುವುದು, ನಂಬಿಕೆಗೆ ಅರ್ಹತೆ, ಮೈ ಬಟ್ಟೆಯ ಶುಚಿತ್ವ, ವಾರ್ಡನ್ನು ಅಚ್ಚುಕಟ್ಟಾಗಿಡುವುದು, ಇವನ್ನೆಲ್ಲ ಮೆಟ್ರನ್ ಪ್ರತಿ ತಿಂಗಳು ಬರೆಯುತ್ತಿದ್ದರು. ಕೆಲಸದ ಕಲಿಕೆಗೆ ಬೇರೆ ಪಟ್ಟಿ. ಸುಟ್ಟಗಾಯ ಕಟ್ಟುವುದು, ಜಿಗಣೆ ಹಚ್ಚುವುದು (ಆಗ ಅದೂ ಒಂದು ಚಿಕಿತ್ಸೆ), ರೋಗಿ ಮಲಗಿದ್ದಂತೆಯೇ ಹಾಸಿಗೆಯ ಬಟ್ಟೆ ಬದಲಿಸುವುದು, ಮಲಗಿ ಮಲಗಿ ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು, ಗಂಜಿ ಕಾಸುವುದು, ಗಾಳಿ ಬೆಳಕು ಆಡಿಸುವುದು. ಎಲ್ಲಕ್ಕಿಂತ ಮುಖ್ಯವಾದದ್ದು ಗಮನಿಸುವುದು. ರೋಗಿಯ ನಾಡಿ ಹೇಗಿದೆ, ಉಸಿರು ಹೇಗಿದೆ, ನಿದ್ದೆ ಬಂತೆ, ಹಸಿವಾಯಿತೆ, ಚರ್ಮದ ಬಣ್ಣ ಬದಲಾಯಿತೆ ಎಂದು ನೋಡಿ ವೈದ್ಯರಿಗೆ ತಿಳಿಸಬೇಕು. ಈಗಿನ ನರ್ಸಿಂಗ್ ವಿದ್ಯಾರ್ಥಿನಿ ಮೊದಲ ವರ್ಷದಲ್ಲಿ ಕಲಿಯುವ ಹಲವು ಪಾಠಗಳು ಇವೇ.

ಅಂದಿನಿಂದ ಬದಲಾದದ್ದೂ ಇದೆ. ಕೆಟ್ಟ ವಾಸನೆಯ ಗಾಳಿಯಿಂದಲೇ ರೋಗ ಹುಟ್ಟುತ್ತದೆ ಎಂದು ಫ್ಲಾರೆನ್ಸ್ ನಂಬಿದ್ದಳು. ಅದು ತಪ್ಪು. ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆ ಎಂದು ಲೂಯಿ ಪಾಶ್ಚರ್, ರಾಬರ್ಟ್ ಕೋಚ್ ಮೊದಲಾದವರು ತೋರಿಸಿದರು. ಕೋಚ್ ಕಾಲರಾ ರೋಗಾಣುವನ್ನು ಹುಡುಕುತ್ತ ನಮ್ಮ ಕಲ್ಕತ್ತೆಗೂ ಬಂದು 1884ರಲ್ಲಿ ಅದನ್ನು ಖಚಿತಪಡಿಸಿದರು. ಫ್ಲಾರೆನ್ಸ್ ಈ ಹೊಸ ಮಾತನ್ನು ಬಹಳ ಕಾಲ ಒಪ್ಪಲಿಲ್ಲ. ಆದರೆ ಆಕೆ ಹೇಳಿದಂತೆ ಕೈ ತೊಳೆದು, ಚರಂಡಿ ಸರಿಪಡಿಸಿ, ನೀರು ಶುದ್ಧಮಾಡಿದಾಗ ರೋಗಾಣುಗಳೂ ತೊಳೆದುಹೋದವು. ಕಾರಣ ತಪ್ಪಿದ್ದರೂ ಕೆಲಸ ಸರಿಯಾಗಿತ್ತು.

ಫ್ಲಾರೆನ್ಸ್ ಸ್ವತಃ ಆ ಶಾಲೆಯಲ್ಲಿ ನಿಂತು ಪಾಠ ಹೇಳಲಿಲ್ಲ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಕ್ರಿಮಿಯಾದಲ್ಲಿ ಹತ್ತಿದ ಜ್ವರ ಆಕೆಯ ಆರೋಗ್ಯವನ್ನು ಕೆಡಿಸಿತ್ತು. ಯುದ್ಧದಿಂದ ಮರಳಿದ ಮೇಲೆ ಎಷ್ಟೋ ವರ್ಷ ಕೋಣೆಯಲ್ಲೇ, ಬಹುಪಾಲು ಹಾಸಿಗೆಯಲ್ಲೇ ಕಳೆದಳು. ಅಲ್ಲಿಂದಲೇ ಪುಸ್ತಕ, ವರದಿ, ಸಾವಿರಾರು ಪತ್ರ ಬರೆದಳು. 1872ರಿಂದ ಶಾಲೆಯ ವಿದ್ಯಾರ್ಥಿನಿಯರಿಗೆ ಪತ್ರ ಬರೆಯತೊಡಗಿದಳು. ಅವರನ್ನು ಒಬ್ಬೊಬ್ಬರಾಗಿ ಮನೆಗೆ ಕರೆದು ಮಾತನಾಡಿಸುತ್ತಿದ್ದಳು, ಅವರ ದಿನಚರಿ ಓದುತ್ತಿದ್ದಳು.

ಭಾರತದ ಪತ್ರಗಳು

ಫ್ಲಾರೆನ್ಸ್ ಭಾರತಕ್ಕೆ ಎಂದೂ ಬರಲಿಲ್ಲ. ಆದರೆ ಇಲ್ಲಿನ ಆರೋಗ್ಯದ ಲೆಕ್ಕ ಆಕೆಯ ಹಾಸಿಗೆಯ ಪಕ್ಕಕ್ಕೆ ಬಂತು. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯವನ್ನು ಪರಿಶೀಲಿಸಲು 1859ರಲ್ಲಿ ಆಯೋಗ ರಚನೆಯಾಯಿತು. ಬೆಂಗಳೂರು, ಬಳ್ಳಾರಿ ಮೊದಲಾದ ದಂಡು ಪ್ರದೇಶಗಳಿಂದ ನೀರು, ಚರಂಡಿ, ಆಸ್ಪತ್ರೆಗಳ ವಿವರ ತರಿಸಿ ಆಕೆ ಓದಿದಳು. ವರ್ಷಕ್ಕೆ ಸಾವಿರಕ್ಕೆ 69 ಸೈನಿಕರು ಸಾಯುತ್ತಿದ್ದರು ಎಂದು 1863ರ ವರದಿ ಹೇಳಿತು. ಹತ್ತು ವರ್ಷಗಳಲ್ಲಿ ಆ ಸಂಖ್ಯೆ 18ಕ್ಕೆ ಇಳಿಯಿತೆಂದು ಆಕೆಯೇ ಬರೆದಳು. ಮೊದಲಿಗೆ ಸೈನಿಕರ ಲೆಕ್ಕ ನೋಡಿದವಳು ಕ್ರಮೇಣ ಹಳ್ಳಿಗಳ ಕಡೆ ತಿರುಗಿದಳು. 1876ರಿಂದ 1878ರವರೆಗೆ ಧಾರವಾಡ ಸೀಮೆಯೂ ಸೇರಿದಂತೆ ದಕ್ಷಿಣ ಭಾರತವನ್ನು ಹಿಂಡಿದ ಬರಗಾಲದ ಬಗ್ಗೆ ಬರೆದು ನೀರಾವರಿ ಬೇಕೆಂದು ಒತ್ತಾಯಿಸಿದಳು. ಗದಗ, ಬೆಟಗೇರಿಗಳು ಆಗ ಅದೇ ಧಾರವಾಡ ಜಿಲ್ಲೆಯಲ್ಲಿದ್ದವು.

ಸೇಂಟ್ ಥಾಮಸ್ ಶಾಲೆಯಲ್ಲಿ ಕಲಿತವರು ಬೇರೆ ಊರು, ಬೇರೆ ದೇಶಗಳಿಗೆ ಹೋಗಿ ಕಲಿಸಿದರು. ಮದ್ರಾಸಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ 1871ರಲ್ಲಿ ದಾದಿಯರ ತರಬೇತಿ ಆರಂಭವಾಯಿತು. ಸ್ವತಂತ್ರ ಭಾರತದಲ್ಲಿ ನರ್ಸಿಂಗ್ ಶಿಕ್ಷಣಕ್ಕೆ ಒಂದೇ ಮಟ್ಟ ಇರಲೆಂದು 1947ರ ಕಾಯಿದೆಯಂತೆ ಭಾರತೀಯ ನರ್ಸಿಂಗ್ ಪರಿಷತ್ತು ರೂಪುಗೊಂಡಿತು. ಒಳ್ಳೆಯ ಸೇವೆ ಮಾಡಿದ ನರ್ಸ್‌ಗಳಿಗೆ ಫ್ಲಾರೆನ್ಸ್ ಹೆಸರಿನ ರಾಷ್ಟ್ರೀಯ ಪ್ರಶಸ್ತಿಯನ್ನು ನಮ್ಮ ಸರಕಾರ 1973ರಲ್ಲಿ ಸ್ಥಾಪಿಸಿತು.

1890ರಲ್ಲಿ ಎಡಿಸನ್ ಕಂಡುಹಿಡಿದ ಧ್ವನಿ ಯಂತ್ರದ ಮುಂದೆ 70 ವರ್ಷದ ಫ್ಲಾರೆನ್ಸ್ ಕುಳಿತು ಕೆಲವು ಮಾತು ಆಡಿದಳು. ಆ ದನಿ ಇಂದಿಗೂ ಉಳಿದಿದೆ. 1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಬಂತು. ಅದನ್ನು ಪಡೆದ ಮೊದಲ ಮಹಿಳೆ ಆಕೆ. ಆ ವೇಳೆಗೆ ಕಣ್ಣು ಕಾಣುತ್ತಿರಲಿಲ್ಲ. 1910ರ ಆಗಸ್ಟ್ 13ರಂದು ತನ್ನ 90ನೆಯ ವಯಸ್ಸಿನಲ್ಲಿ ತೀರಿಕೊಂಡಳು. ದೊಡ್ಡವರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ಚರ್ಚಿನಲ್ಲಿ ಜಾಗ ಕೊಡುತ್ತೇವೆಂದರೂ ಮನೆಯವರು ಒಪ್ಪಲಿಲ್ಲ. ಹಳ್ಳಿಯ ಚರ್ಚಿನ ಅಂಗಳದಲ್ಲಿ ತಂದೆ ತಾಯಿಯ ಪಕ್ಕದಲ್ಲೇ ಆಕೆಯನ್ನು ಹೂಳಿದರು. ಅಲ್ಲಿಯ ಕಲ್ಲಿನ ಮೇಲೆ ಪೂರ್ತಿ ಹೆಸರಿಲ್ಲ. ಎಫ್. ಎನ್. ಎಂಬ ಎರಡು ಅಕ್ಷರ, ಹುಟ್ಟಿದ ದಿನ, ಸತ್ತ ದಿನ, ಅಷ್ಟೇ.